ಟ್ಯಾಂಕಿಗೆ ಇಳಿಯಬೇಡಿ

ಆಗಸ್ಟ್ 12, ಸೋಮವಾರ, ಬೆಳಿಗ್ಗೆ 9.10. ಕೆ.ಆರ್. ಪುರದ ಬದಿಯ ಠಾಣೆಯೊಂದಕ್ಕೆ ಮುರಳಿ ದೂರು ತಂದ. ಲೋಹಕ್ಕೆ ಲೇಪನ ಹಾಕುವ ಕಾರ್ಖಾನೆಯ ಎರಡೂ ಘಟಕಗಳ ಮ್ಯಾನೇಜರ್ ಅವನು. ಇನ್ಸ್‌ಪೆಕ್ಟರ್ ಸುಕನ್ಯ ಅವರ ಮುಂದೆ ನಾಲ್ಕು ಕಾಗದ ಇಟ್ಟ.

"ಯಾರೋ ಕೆಲಸಗಾರರ ಲಾಕರ್‌ಗೆ ಇವನ್ನ ತೂರಿಸ್ತಿದಾರೆ ಮೇಡಂ. ಬೆದರಿಕೆ ಕೇಸ್ ಹಾಕಿ."

ಸುಕನ್ಯ ಒಂದನ್ನು ಓದಿದರು. ‘ಮುನಿಕೃಷ್ಣಪ್ಪ ಜಾರಿ ಬಿದ್ದು ಸತ್ತಿದ್ದಲ್ಲ. ಮೊದಲು ಕೊಳೆತ ಮೊಟ್ಟೆಯ ವಾಸನೆ ಬರುತ್ತೆ. ಆಮೇಲೆ ನಿಲ್ಲುತ್ತೆ. ಗ್ಯಾಸ್ ಹೋಗಿರಲ್ಲ, ನಿಮ್ಮ ಮೂಗು ಸತ್ತಿರುತ್ತೆ. ಟ್ಯಾಂಕಿಗೆ ಇಳಿಯಬೇಡಿ.’

"ಮುನಿಕೃಷ್ಣಪ್ಪ ಯಾರು?"

"ನಮ್ಮ ಇನ್ನೊಂದು ಘಟಕದಲ್ಲಿದ್ದ. ಮಾರ್ಚ್‌ನಲ್ಲಿ ಏಣಿಯಿಂದ ಬಿದ್ದ."

"ಇಲ್ಲಿ ಟ್ಯಾಂಕ್ ಕ್ಲೀನಿಂಗ್ ಯಾವಾಗ?"

"ಇವತ್ತೇ. ಹತ್ತು ಗಂಟೆಗೆ."

ಕಾನ್‌ಸ್ಟೇಬಲ್ ಸೈಫ್ ಆ ಸಾವಿನ ಹಳೆಯ ಕಡತ ತೆಗೆದ. ರಾಸಾಯನಿಕ ಪರೀಕ್ಷೆಯ ವರದಿ ಇನ್ನೂ ಬಂದಿರಲಿಲ್ಲ. ಆದರೆ ಮರಣೋತ್ತರ ಪರೀಕ್ಷೆಯಲ್ಲಿ ಒಂದು ಮೂಳೆಯೂ ಮುರಿದಿರಲಿಲ್ಲ, ತಲೆಗೆ ಪೆಟ್ಟೂ ಇರಲಿಲ್ಲ.

ಸುಕನ್ಯ ಗಡಿಯಾರ ನೋಡಿದರು. 9.35.

"ಫೋನ್ ಮಾಡಿ ಕೆಲಸ ನಿಲ್ಸಿ."

ಮುರಳಿ ಎರಡು ಸಲ ಫೋನ್ ಮಾಡಿದ. "ಯಾರೂ ಎತ್ತುತ್ತಿಲ್ಲ ಮೇಡಂ."

ಅಗ್ನಿಶಾಮಕ ದಳಕ್ಕೆ ಹೇಳಿ ಮೂವರೂ ಹೊರಟರು. ಟಿನ್ ಫ್ಯಾಕ್ಟರಿ ಹತ್ತಿರ ಜೀಪು ಏಳು ನಿಮಿಷ ಅಲ್ಲಾಡಲಿಲ್ಲ.

10.08. ಹಿಂದಿನ ಶೆಡ್ಡಿನಲ್ಲಿ ಟ್ಯಾಂಕಿನ ಮುಚ್ಚಳ ತೆರೆದಿತ್ತು. ರಾಮಯ್ಯ ಎಂಬ ಕೆಲಸಗಾರ ಏಣಿಯ ಎರಡನೇ ಮೆಟ್ಟಿಲಲ್ಲಿದ್ದ. ಸೈಫ್ ಓಡಿ ಅವನ ತೋಳು ಹಿಡಿದ.

"ಥೂ, ಏನ್ ನಾತ ಮೇಡಂ!" ಎಂದ ಸೈಫ್. ಮರುಕ್ಷಣ, "ಹೋಯ್ತು. ಈಗ ಏನೂ ಇಲ್ಲ."

ಸುಕನ್ಯ ಮುಂದೆ ನುಗ್ಗಿದರು. ಉಸಿರು ಬಿಗಿಹಿಡಿದು, ಇಬ್ಬರ ಕಾಲರನ್ನೂ ಹಿಡಿದು, ಗೇಟಿನವರೆಗೆ ದರದರ ಎಳೆದರು. ಅಲ್ಲಿ ರಾಮಯ್ಯ ವಾಂತಿ ಮಾಡಿದ. ಸೈಫ್ ನೆಲಕ್ಕೆ ಕೂತು, ಬಹಳ ಹೊತ್ತು ತನ್ನ ಮೂಗನ್ನೇ ಮುಟ್ಟಿ ನೋಡಿಕೊಳ್ಳುತ್ತಿದ್ದ.

ಅಗ್ನಿಶಾಮಕದವರ ಗ್ಯಾಸ್ ಮೀಟರ್ ಬಾಗಿಲಲ್ಲೇ ಕಿರುಚಿತು. ಇಬ್ಬರನ್ನೂ ಆಸ್ಪತ್ರೆಗೆ ಕಳಿಸಿ, ಗಾಳಿ ತಿಳಿಯಾದ ಮೇಲೆ ಪಂಚನಾಮೆ ನಡೆಸಿದರು.

ಮಧ್ಯಾಹ್ನ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಹಂಸ ತಾನಾಗಿಯೇ ಠಾಣೆಗೆ ಬಂದಳು.

"ಕಾಗದ ಬರ್ದಿದ್ದು ನಾನೇ. ಅರೆಸ್ಟ್ ಮಾಡ್ತೀರಾ?"

"ಹೆಸರು ಯಾಕೆ ಹಾಕ್ಲಿಲ್ಲ?"

"ಮಾರ್ಚ್‌ನಲ್ಲಿ ಹೆಸರು ಹಾಕೇ ವರದಿ ಕೊಟ್ಟೆ. ಆ ಸಾವು ಹೇಗಾಯ್ತು, ಇನ್ಮೇಲೆ ಏನ್ ಮಾಡ್ಬೇಕು ಅಂತ. ಎರಡೂ ಘಟಕದಲ್ಲಿ ಎಲ್ರಿಗೂ ಓದಿ ಹೇಳಿ ಅಂದೆ. ಮುರಳಿ ಸರ್ ಹರಿದು ಹಾಕಿದ್ರು. ಬಾಯಿಬಿಟ್ರೆ ಕೆಲಸ ಇರಲ್ಲ ಅಂದ್ರು."

ಅವಳ ಫೋನಿನಲ್ಲಿ ಆ ವರದಿಯ ಫೋಟೊ ಇತ್ತು. ಸುಕನ್ಯ ಎರಡು ಸಲ ಓದಿದರು.

ಸಂಜೆ 4.30, ಠಾಣೆ.

"ಮುನಿಕೃಷ್ಣಪ್ಪ ಟ್ಯಾಂಕಿಗೆ ಇಳಿದಾಗ ಮೇಲೆ ಅವನ ಹಗ್ಗ ಹಿಡ್ಕೊಂಡಿದ್ದು ಯಾರು?"

ಮುರಳಿ ಮೇಜನ್ನೇ ನೋಡುತ್ತಿದ್ದ. "ನಾನೇ."

"ಹಗ್ಗ ಅಲ್ಲಾಡೋದು ನಿಂತಾಗ?"

"ಓಡ್ದೆ ಮೇಡಂ. ರಸ್ತೆ ತನಕ. ಯಾರ್ನೂ ಕರೀಲಿಲ್ಲ. ಬಾಯೇ ಬರ್ಲಿಲ್ಲ."

5.15ಕ್ಕೆ ನಿರ್ಲಕ್ಷ್ಯದಿಂದ ಸಾವು, ಸಾಕ್ಷ್ಯನಾಶದ ಆರೋಪದಡಿ ಎಫ್‌ಐಆರ್ ದಾಖಲಿಸಿ ಅವನನ್ನು ಬಂಧಿಸಿದರು.

ವರದಿಯ ಐದನೇ ಸಾಲಿನಲ್ಲಿ ಹೀಗಿತ್ತು: ‘ಹೊರಗೆ ನಿಂತವರು ಜಾಗ ಬಿಡಬಾರದು, ತಾವೂ ಇಳಿಯಬಾರದು, ಕೂಗಿ ಸಹಾಯ ಕರೆಯಬೇಕು.’ ಅದನ್ನು ಎಲ್ಲರೆದುರು ಓದಿದರೆ ತಾನು ಓಡಿದ್ದು ಬಯಲಾಗುತ್ತದೆಂದು ಐದು ತಿಂಗಳು ಮುರಳಿ ಹೆದರಿಕೊಂಡೇ ಬದುಕಿದ್ದ.

ಎರಡು ಪುಟದ ಆ ವರದಿಯಲ್ಲಿ ಅವನ ಹೆಸರೇ ಇರಲಿಲ್ಲ.