ಚೆನ್ನಾಜಿ ಕಂಡ ತಳವಿಲ್ಲದ ಬುಟ್ಟಿ

ಬಲು ಹಿಂದೆ, ಬೆಟ್ಟಗಳು ಇನ್ನೂ ಎಳೆಯವಾಗಿದ್ದಾಗ, ಗಂಧವಳ್ಳಿ ಎಂಬ ರಾಜ್ಯವಿತ್ತು. ಅಲ್ಲಿನ ರಾಜನಿಗೆ ಏಳು ಆನೆಗಳು. ಎಂಟು ಅನ್ನುವವರೂ ಇದ್ದಾರೆ. ಎಂಟನೆಯದನ್ನು ನಾನು ನೋಡಿಲ್ಲ, ಉಳಿದ ಏಳನ್ನೂ ನೋಡಿಲ್ಲ, ಆದರೆ ಕತೆ ನಿಜ.

ಆ ರಾಜ್ಯದಲ್ಲಿ ಒಂದು ಕಟ್ಟಳೆಯಿತ್ತು. ನಿದ್ದೆಯಿಂದ ಎದ್ದವರು ಬಾಯಿ ಮುಕ್ಕಳಿಸುವ ತನಕ ತುಟಿ ಬಿಚ್ಚಕೂಡದು. ಎಲ್ಲರ ತಲೆದಿಂಬಿನ ಪಕ್ಕದಲ್ಲೂ ಒಂದು ಗಿಂಡಿ ನೀರು. ಎದ್ದರು, ಮುಕ್ಕಳಿಸಿದರು, ಬಚ್ಚಲಿಗೆ ಉಗುಳಿದರು, ಆಮೇಲೆ ಮಾತು. ತೊಳೆಯದ ಬಾಯಿಂದ ಬಂದ ಮಾತು ಮನೆಗೆ ವಿಷ ಎಂದು ಆಸ್ಥಾನದ ವೈದ್ಯ ಜೊಂಪಪಂಡಿತ ಹೇಳಿದ್ದ. ಅವನು ವೈದ್ಯನಲ್ಲ, ಮಾಂತ್ರಿಕ. ಇದನ್ನು ನಾನು ಕೊನೆಯಲ್ಲಿ ಹೇಳಬೇಕಿತ್ತು, ತಡೆಯಲಾಗಲಿಲ್ಲ.

ಊರಿನ ಬಚ್ಚಲ ನೀರೆಲ್ಲ ಒಂದೇ ಕಾಲುವೆಯಲ್ಲಿ ಹರಿದು ಪಂಡಿತನ ಕೊಳ ಸೇರುತ್ತಿತ್ತು. ನೀರಿನ ಜೊತೆ ಜನರ ಕನಸುಗಳೂ ತೊಳೆದುಹೋಗಿ ಅಲ್ಲಿ ಮೀನಾಗುತ್ತಿದ್ದವು. ಪಂಡಿತ ದಿನಕ್ಕೊಂದು ಮೀನು ತಿನ್ನುತ್ತಿದ್ದ. ತಿಂದು ತಿಂದು ಮುನ್ನೂರು ವರ್ಷ ಬದುಕಿದ್ದ. ಗಂಧವಳ್ಳಿಯ ಜನ ಮಾತ್ರ ತಮಗೆ ಕನಸೇ ಬೀಳುವುದಿಲ್ಲ ಎಂದುಕೊಂಡಿದ್ದರು.

ಆ ಊರಿನಲ್ಲಿ ಚೆನ್ನಾಜಿ ಎಂಬ ಬುಟ್ಟಿ ಹೆಣೆಯುವವಳಿದ್ದಳು. ಅವಳ ಗಂಡ ಬೋರಯ್ಯ ಬಿದಿರು ಕಡಿಯಲು ಹೋದವನು ಆ ಕೊಳದ ಮೀನೊಂದನ್ನು ಹಿಡಿದು ಸುಟ್ಟು ತಿಂದ. ತಿಂದವನು ಅಲ್ಲೇ ಒರಗಿದ. ಜನ ಹೊತ್ತು ತಂದು ಮನೆಯಲ್ಲಿ ಮಲಗಿಸಿದರು. ಹತ್ತು ದಿನವಾದರೂ ಏಳಲಿಲ್ಲ.

ಚೆನ್ನಾಜಿ ಕೊಳದ ದಡಕ್ಕೆ ಹೋಗಿ ಅತ್ತಳು. ಒಂದು ಮುದಿ ಆಮೆ ತಲೆಯೆತ್ತಿತು.

"ಅಳಬೇಡ ತಾಯಿ. ನಿನ್ನ ಗಂಡ ಪಂಡಿತನ ಕನಸಿನ ಕೋಟೆಯಲ್ಲಿ ಕಾವಲು ಕಾಯುತ್ತಿದ್ದಾನೆ. ಮೂರನೆಯ ದಿನ ಹುಣ್ಣಿಮೆ. ಅಷ್ಟರೊಳಗೆ ಕರೆತರದಿದ್ದರೆ ಅವನು ಇನ್ನು ಏಳುವುದಿಲ್ಲ."

"ಹೋಗುವುದು ಹೇಗೆ?"

"ಅವನ ಪಕ್ಕದಲ್ಲಿ ಮಲಗು, ಸಾಕು. ಆದರೆ ಬಾಗಿಲಲ್ಲಿ ಒಂದು ಎಮ್ಮೆಯಿದೆ. ಇದು ಕನಸು ಎಂದು ಕನಸಿನೊಳಗೇ ತಿಳಿದವರಿಗೆ ಮಾತ್ರ ದಾರಿ. ಉಳಿದವರನ್ನು ಅದು ಆಚೆ ತಳ್ಳುತ್ತದೆ."

ಮೊದಲ ಮಧ್ಯಾಹ್ನ ಚೆನ್ನಾಜಿ ಆಮೆಯ ಮಾತನ್ನು ಅತ್ತೆಗೆ ಹೇಳಿ, ಉಂಡು, ಗಂಡನ ಪಕ್ಕದಲ್ಲಿ ಚಾಪೆ ಹಾಸಿ ಮಲಗಿದಳು. ಎದ್ದಳು, ಮುಕ್ಕಳಿಸಿದಳು, ಉಗುಳಿದಳು.

ಅತ್ತೆ ಕಾಳಮ್ಮ ಕೇಳಿದಳು, "ನನ್ನ ಮಗನನ್ನು ಕಂಡೆಯಾ?"

"ಕಂಡೆನೋ ಏನೋ ಅತ್ತೆ. ಹೋಗಿದ್ದೆನೋ ಇಲ್ಲವೋ ಅದೇ ಗೊತ್ತಿಲ್ಲ."

"ಮೊಣಕಾಲ ತನಕ ಒದ್ದೆಯಾಗಿದ್ದೀಯಲ್ಲೇ!"

ಚೆನ್ನಾಜಿ ನೋಡಿಕೊಂಡಳು. ನಿಜ, ಸೀರೆ ತೊಟ್ಟಿಕ್ಕುತ್ತಿತ್ತು. ಎಲ್ಲಿ ಒದ್ದೆಯಾಯಿತೆಂದು ನೆನಪಿರಲಿಲ್ಲ.

ಕಾಳಮ್ಮ ಒಂದು ಗಳಿಗೆ ಗಿಂಡಿಯನ್ನೇ ನೋಡಿದಳು. "ಕಣ್ಣು ಬಿಟ್ಟಾಗ ನಿನ್ನ ಮುಖದಲ್ಲಿ ಏನೋ ಇತ್ತು. ನೀರು ಉಗುಳಿದ ಮೇಲೆ ಇಲ್ಲ" ಎಂದವಳೇ ಗಿಂಡಿಯನ್ನು ಎತ್ತಿ ಅಟ್ಟದ ಮೇಲಿಟ್ಟಳು.

ಎರಡನೆಯ ಮಧ್ಯಾಹ್ನ ಸೊಸೆಯ ರೆಪ್ಪೆ ಅಲುಗುತ್ತಲೇ ಕಾಳಮ್ಮ ಕಿವಿಯ ಬಳಿ ಬಾಗಿದಳು. "ಕಣ್ಣು ಬಿಡಬೇಡ. ಮಗ್ಗುಲಾಗಬೇಡ. ಕೊನೆಗೆ ಕಂಡದ್ದೇನು?"

ಚೆನ್ನಾಜಿ ತುಟಿ ಬಿಗಿಹಿಡಿದಳು.

"ಹೇಳೇ. ವಿಷವಾದರೆ ಮೊದಲು ನಾನು ಸಾಯುತ್ತೇನೆ. ವಯಸ್ಸೂ ಆಗಿದೆ."

"ಬಾಲ" ಎಂದಳು ಚೆನ್ನಾಜಿ ಮೆಲ್ಲಗೆ.

"ಬಾಲದ ಮುಂಚೆ?"

"ಎಮ್ಮೆ. ನನ್ನನ್ನು ತಳ್ಳಿತು."

"ಎಮ್ಮೆಯ ಮುಂಚೆ?"

"ಹೊಳೆ ದಾಟಿದೆ. ತಲೆಯ ಮೇಲೆ ಬುಟ್ಟಿಯಿತ್ತು, ತುಂಬ ನೀರಿತ್ತು. ಬುಟ್ಟಿಗೆ ತಳವೇ ಇರಲಿಲ್ಲ ಅತ್ತೆ." ಅಷ್ಟು ಹೇಳುತ್ತಲೇ ನಿನ್ನೆಯ ಕನಸೂ ಅದರ ಹಿಂದೆಯೇ ಬಂತು. "ನಿನ್ನೆಯೂ ಅದೇ ಬುಟ್ಟಿ! ನಿನ್ನೆಯೂ ತಳವಿಲ್ಲ!"

"ಹೆಣೆಯುವವಳಾಗಿ ತಳವಿಲ್ಲದ ಬುಟ್ಟಿ ಹೊತ್ತೆಯಾ?"

"ಅಲ್ಲಿ ಅದು ಸರಿಯಾಗಿಯೇ ಕಾಣುತ್ತದೆ."

"ಹಾಗಾದರೆ ಕಂಡ ಬುಟ್ಟಿಯನ್ನೆಲ್ಲ ತಲೆಕೆಳಗೆ ಮಾಡಿ ನೋಡು. ಎಚ್ಚರದಲ್ಲಿ ರೂಢಿಯಾದರೆ ನಿದ್ದೆಯಲ್ಲೂ ನೋಡುತ್ತೀಯ."

ಆ ಸಂಜೆಯೆಲ್ಲ ಚೆನ್ನಾಜಿ ಬುಟ್ಟಿಗಳ ತಳ ನೋಡಿದಳು. ತನ್ನವನ್ನು ನೋಡಿದಳು, ನೆರೆಮನೆಯವನ್ನು ನೋಡಿದಳು. ಬದನೆಕಾಯಿ ಮಾರುವವಳ ಬುಟ್ಟಿ ಎತ್ತಿ ನೋಡಿದಾಗ ಬದನೆಕಾಯಿ ಬೀದಿ ತುಂಬ ಉರುಳಿದವು. ಗಂಡನ ಚಿಂತೆಯಲ್ಲಿ ತಲೆ ಕೆಟ್ಟಿದೆ ಎಂದರು ಜನ.

ಹುಣ್ಣಿಮೆಯ ದಿನ ಬಂತು. ಚೆನ್ನಾಜಿ ಮಲಗಿದಳು. ತಕ್ಷಣ ಎಚ್ಚರವಾಯಿತು. ಅದೇ ಮನೆ, ಅದೇ ಚಾಪೆ, ಪಕ್ಕದಲ್ಲಿ ಅತ್ತೆ.

"ನಿದ್ದೆಯೇ ಬರಲಿಲ್ಲವೇನವ್ವಾ?" ಎಂದಳು ಅತ್ತೆ. "ಇರಲಿ, ಬಾಯಿ ಮುಕ್ಕಳಿಸು" ಎಂದು ಗಿಂಡಿ ಮುಂದೆ ಹಿಡಿದಳು.

ಚೆನ್ನಾಜಿಗೆ ಗೊಂದಲ. ಮಲಗಿದ್ದೆನೇ, ಇಲ್ಲವೇ? ಗಿಂಡಿ ಅಟ್ಟದ ಮೇಲಿತ್ತಲ್ಲವೇ, ಅತ್ತೆಯೇ ಇಳಿಸಿದಳೇ? ಗಿಂಡಿ ತುಟಿಯ ತನಕ ಬಂತು. ಅಷ್ಟರಲ್ಲಿ ಮೂಲೆಯ ಬುಟ್ಟಿ ಕಣ್ಣಿಗೆ ಬಿತ್ತು. ಒಂದು ದಿನದ ರೂಢಿ, ಕೈ ತಾನಾಗಿ ಹೋಗಿ ಅದನ್ನು ಮಗುಚಿತು. ತಳವಿರಲಿಲ್ಲ. ಆದರೂ ಒಳಗಿನ ನೀರು ಒಂದು ಹನಿ ಚೆಲ್ಲಲಿಲ್ಲ.

"ನೀನು ನನ್ನ ಅತ್ತೆಯಲ್ಲ. ಇದು ಕನಸು" ಎಂದಳು ಚೆನ್ನಾಜಿ.

ಅತ್ತೆಗೆ ಕೊಂಬು ಮೂಡಿದವು, ಬಾಲ ಬಂತು, ಎಮ್ಮೆಯಾದಳು. "ತಿವಿಯುತ್ತೇನೆ" ಎಂದಿತು ಎಮ್ಮೆ.

"ನನ್ನ ಕನಸಿನ ಎಮ್ಮೆ ನೀನು. ಪಕ್ಕಕ್ಕೆ ಸರಿ."

ಎಮ್ಮೆ ಮುಖ ಸಣ್ಣಗೆ ಮಾಡಿಕೊಂಡು ಸರಿಯಿತು. ಗೋಡೆಯಿದ್ದಲ್ಲಿ ಕೋಟೆಯ ಬಾಗಿಲಿತ್ತು. ಬಾಗಿಲೊಳಗೆ ಬೋರಯ್ಯ ಈಟಿ ಹಿಡಿದು ನಿಂತಿದ್ದ.

"ಯಾರದು? ಒಳಗೆ ಬಿಡುವುದಿಲ್ಲ."

"ರೀ, ನಾನು ಚೆನ್ನಾಜಿ. ಮನೆಗೆ ಬನ್ನಿ."

"ಚೆನ್ನಾಜಿ ಮನೆಯಲ್ಲಿದ್ದಾಳೆ. ನೀನು ಅವಳ ಹಾಗಿದ್ದೀಯ ಅಷ್ಟೇ. ನಾನು ಸಂಜೆ ಕೆಲಸ ಮುಗಿಸಿ ಹೋಗುತ್ತೇನೆ."

"ಬೆಳಿಗ್ಗೆ ಏನು ಉಂಡು ಬಂದಿರಿ?"

ಬೋರಯ್ಯ ಈಟಿಯ ಹಿಡಿಯಿಂದ ತಲೆ ಕೆರೆದುಕೊಂಡ.

"ಯಾವ ದಾರಿಯಲ್ಲಿ ಬಂದಿರಿ?"

ಅವನು ಆ ಕಡೆ ನೋಡಿದ, ಈ ಕಡೆ ನೋಡಿದ. "ನಾನು ಇಲ್ಲೇ ಇದ್ದೆ."

"ಅದರ ಮುಂಚೆ?"

"ಮುಂಚೆ... ಮೀನು. ಬಹಳ ಮುಳ್ಳಿತ್ತು. ಉಪ್ಪಿರಲಿಲ್ಲ." ಅವನ ದನಿ ಇಳಿಯಿತು. "ಆಮೇಲೆ ಕಣ್ಣು ಎಳೆಯಿತು. ಆಮೇಲೆ ನಾನು ಎದ್ದೇ ಇಲ್ಲ, ಅಲ್ಲವೇನೇ?"

ಅವನ ಕೈಯ ಈಟಿ ಬರೀ ಬಿದಿರ ಸೀಳಾಯಿತು. ಚೆನ್ನಾಜಿ ಅವನ ಕೈ ಹಿಡಿದಳು.

ಇಬ್ಬರೂ ಕಣ್ಣು ಬಿಟ್ಟಾಗ ಚಾಪೆಯ ಬಳಿ ಜೊಂಪಪಂಡಿತ ಕುಳಿತಿದ್ದ. ಎರಡು ಕೈಯಲ್ಲಿ ಎರಡು ಗಿಂಡಿ. ಬಾಗಿಲಲ್ಲಿ ಊರಿನ ಜನ, ಅವರ ನಡುವೆ ಕಾಳಮ್ಮ.

"ಗಂಡ ಎದ್ದನಲ್ಲ, ಒಳ್ಳೆಯದಾಯಿತು" ಎಂದ ಪಂಡಿತ ಜೇನಿನಂಥ ದನಿಯಲ್ಲಿ. "ಮೊದಲು ಮುಕ್ಕಳಿಸಿ. ಆಮೇಲೆ ಮಾತು."

ಚೆನ್ನಾಜಿ ಮಾತಾಡದೆ ಮೂಲೆಯ ಬುಟ್ಟಿಯನ್ನು ಎಳೆದು ಮಗುಚಿದಳು. ತಳ ಗಟ್ಟಿಯಾಗಿತ್ತು. ಹೆಣಿಗೆ ತನ್ನದೇ. ಅವಳು ಗಿಂಡಿಯನ್ನು ತಳ್ಳಿ, ತೊಳೆಯದ ಬಾಯಲ್ಲೇ ಹೇಳತೊಡಗಿದಳು. ಬಾಲದಿಂದ ಶುರುಮಾಡಿ ಎಮ್ಮೆ, ಎಮ್ಮೆಯಿಂದ ಹೊಳೆ. ಅವಳು ಮರೆತದ್ದನ್ನು ಬೋರಯ್ಯ ಹೇಳಿದ. ಕೋಟೆಯ ಕತೆಗೆ ಬಂದಾಗ ಪಂಡಿತನ ಹಲ್ಲು ಉದುರಿದವು, ಈಟಿಯ ಕತೆಗೆ ಬಂದಾಗ ಬೆನ್ನು ಬಾಗಿತು. ಹೇಳಿದ ಕನಸು ಮೀನಾಗುವುದಿಲ್ಲ, ಅವನ ಹೊಟ್ಟೆಯಲ್ಲೂ ನಿಲ್ಲುವುದಿಲ್ಲ. ಮುನ್ನೂರು ವರ್ಷವೂ ಒಟ್ಟಿಗೆ ಮೈಮೇಲೆ ಬಂದು, ಕತೆ ಮುಗಿಯುವಷ್ಟರಲ್ಲಿ ಅಲ್ಲಿ ಒಂದು ಬೊಗಸೆ ನೊರೆ ಮಾತ್ರ ಉಳಿಯಿತು. ಕಾಳಮ್ಮ ಅದನ್ನು ಪೊರಕೆಯಿಂದ ಬಳಿದಳು.

ರಾಜ ಕಟ್ಟಳೆ ತೆಗೆದುಹಾಕಿದ. ಮಾರನೆಯ ದಿನ ಅವನು ತನ್ನ ಕನಸು ಹೇಳಲು ಕುಳಿತವನು ಮಧ್ಯಾಹ್ನವಾದರೂ ಮುಗಿಸಲಿಲ್ಲ. ಹಳೆಯ ಕಟ್ಟಳೆಯೇ ಚೆನ್ನಾಗಿತ್ತು ಎಂದು ಮಂತ್ರಿ ಗೊಣಗಿದ.

ಬೋರಯ್ಯನಿಗೆ ಮಾತ್ರ ಬಹಳ ದಿನ ಅನುಮಾನ. "ಚೆನ್ನಾಜೀ, ಈಗ ನಾನು ಎದ್ದಿದ್ದೇನೆಯೇ?" ಎಂದು ದಿನಕ್ಕೆ ಹತ್ತು ಸಲ ಕೇಳುತ್ತಿದ್ದ.

ಒಂದು ದಿನ ಅವಳು ಒಂದು ಕಂತೆ ಬಿದಿರನ್ನೂ ಕತ್ತಿಯನ್ನೂ ಅವನ ಮುಂದೆ ಇಟ್ಟಳು. "ಸೀಳಿ ಕೊಡಿ, ಗೊತ್ತಾಗುತ್ತದೆ."

ಮೂರನೆಯ ಸೀಳಿಗೆ ಬೆರಳಿಗೆ ಸಿಬರು ಹೊಕ್ಕಿತು. ಬೋರಯ್ಯ ಬೆರಳು ಚೀಪುತ್ತಾ, "ಎದ್ದಿದ್ದೇನೆ ಕಣೇ" ಎಂದ.

"ಹಾಗಾದರೆ ಉಳಿದದ್ದನ್ನೂ ಸೀಳಿ" ಎಂದಳು ಚೆನ್ನಾಜಿ.

ಅವನು ಸೀಳಿದ, ಅವಳು ಹೆಣೆದಳು, ಇಬ್ಬರೂ ಮುದುಕರಾಗುವ ತನಕ ಸುಖವಾಗಿ ಜಗಳವಾಡಿಕೊಂಡಿದ್ದರು.