ಹುಳಿಹಿಟ್ಟಿನ ಕೊಲೆ

"ನರ್ಸಕ್ಕ, ನಮ್ಮನೇಲಿ ಕೊಲೆ ಆಗಿದೆ!"

ಭಾನುವಾರ ಮಧ್ಯಾಹ್ನ ಮೂರೂವರೆಗೆ ಕೆಳಮನೆಯ ಬ್ರೆಡ್ಡಮ್ಮ ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತಾಗ, ಟೈಲರಮ್ಮನ ಕೈಯಲ್ಲಿದ್ದ ಸೂಜಿ ಅವಳ ಬೆರಳಿಗೇ ಚುಚ್ಚಿಕೊಂಡಿತು.

"ಯಾರದ್ದು?" ಎಂದರು ನರ್ಸಕ್ಕ.

"ನಮ್ಮೆಜಮಾನ್ರ ಹುಳಿಹಿಟ್ಟಿಂದು."

ಟೈಲರಮ್ಮನಿಗೆ ನಗು ತಡೆಯಲಾಗಲಿಲ್ಲ. ನರ್ಸಕ್ಕ ಮಾತ್ರ ಆಗಲೇ ಚಪ್ಪಲಿ ಮೆಟ್ಟಿದ್ದರು. ಆಸ್ಪತ್ರೆಯ ಕೆಲಸದಿಂದ ನಿವೃತ್ತರಾದ ಮೇಲೆ ಆ ಕಟ್ಟಡದಲ್ಲಿ ಏನು ಕಳೆದರೂ, ಏನು ಕೆಟ್ಟರೂ ಜನ ಅವರ ಬಾಗಿಲನ್ನೇ ತಟ್ಟುತ್ತಿದ್ದರು. ಜೊತೆಯಲ್ಲೇ ವಾಸವಿದ್ದ ಟೈಲರಮ್ಮ ನೆರಳಿನಂತೆ ಹಿಂದೆ ಹೋಗುತ್ತಿದ್ದಳು.

ಬ್ರೆಡ್ಡಮ್ಮನ ಗಂಡ ಬೇಕರಿ ನಡೆಸಿದವರು. ಬ್ರೆಡ್ ಉಬ್ಬಿಸಲು ಅವರೇ ಹುಟ್ಟಿಸಿದ್ದ ಹುಳಿಹಿಟ್ಟಿಗೆ ಮೂವತ್ತೆಂಟು ವರ್ಷ. ಅವರೂ ಹೋದರು, ಬೇಕರಿಯೂ ಮುಚ್ಚಿತು. ಬ್ರೆಡ್ಡಮ್ಮ ಆ ಜಾಡಿಗೆ ದಿನವೂ ಹಿಟ್ಟು, ನೀರು ಹಾಕಿ ಬದುಕಿಸಿಕೊಂಡಿದ್ದರು. ಭಾನುವಾರ ಅತ್ತೆ, ಸೊಸೆ ಸೇರಿ ಬ್ರೆಡ್ ಸುಡುವುದೇ ಆ ಮನೆಯ ವಿರಾಮ. ಚಳಿಯ ದಿನ ಜಾಡಿಯನ್ನು ಉರಿಸದ ಓವನ್ನಿನೊಳಗಿಟ್ಟು, ದೀಪ ಮಾತ್ರ ಹಾಕಿ ಬೆಚ್ಚಗಿಡುತ್ತಿದ್ದರು.

"ಹನ್ನೆರಡಕ್ಕೆ ಇಟ್ಟು ಮಲಗಿದೆ. ಮೂರಕ್ಕೆ ತೆಗೆದ್ರೆ ಹೀಗೆ! ಯಾರೋ ಓವನ್ ಹಚ್ಚಿದ್ದಾರೆ," ಎಂದು ಬ್ರೆಡ್ಡಮ್ಮ ಜಾಡಿಯನ್ನು ತಮ್ಮ ಅಡುಗೆಮನೆಯ ಮೇಜಿನ ಮೇಲಿಟ್ಟರು. "ಯಾರೋ ಏನು, ಇವಳೇ! ಅಂಗಡಿ ಯೀಸ್ಟೇ ಸಾಕು ಅತ್ತೆ ಅಂತ ಒಂದು ತಿಂಗಳಿಂದ ಹಾಡ್ತಿದ್ಲು. ಇನ್ನು ನನ್ನ ಅಡುಗೆಮನೆಗೆ ಕಾಲಿಡಬೇಡ ಅಂದಿದ್ದೀನಿ."

ಸೊಸೆಯ ಕಣ್ಣು ಕೆಂಪಾಗಿತ್ತು. "ನಾನು ಮಹಡಿ ಮೇಲೆ ಬಟ್ಟೆ ಮಡಚ್ತಿದ್ದೆ."

"ನೋಡಿದವರು ಯಾರು?" ಎಂದರು ನರ್ಸಕ್ಕ.

ಯಾರೂ ಇರಲಿಲ್ಲ. ಆ ಹುಳಿ ವಾಸನೆಗೆ ಸದಾ ಮೂಗು ಮುರಿಯುತ್ತಿದ್ದ ಬ್ರೆಡ್ಡಮ್ಮನ ಮಗಳು ಕೋಣೆಯಲ್ಲಿ ಒಬ್ಬಳೇ ಫೋನಿನಲ್ಲಿದ್ದಳಂತೆ. ಮಗ ನಡುಮನೆಯಲ್ಲಿ ಒಬ್ಬನೇ ಪೇಪರ್ ಓದುತ್ತಿದ್ದನಂತೆ. ಟೈಲರಮ್ಮನಿಗೆ ಮೂವರ ಮೇಲೂ ಅನುಮಾನ ಬಂತು. ಮಗಳು ಉಗುರು ಕಚ್ಚುತ್ತಿದ್ದಳು. ಮಗ ಸಂಜೆಯ ಪಂದ್ಯಕ್ಕೆ ಬೂಟು ಕಟ್ಟಿಕೊಂಡು, ಹೆಂಡತಿಯ ಪಕ್ಕ ತಲೆ ತಗ್ಗಿಸಿ ಕೂತಿದ್ದ.

"ಮತ್ತೆ ಹೊರಟೆಯಾ ಅಣ್ಣ?" ಎಂದಳು ಮಗಳು. "ಬೆಳಿಗ್ಗೆ ಕೆಸರಲ್ಲಿ ಬಿದ್ದ ಎಮ್ಮೆ ಥರ ಬಂದಿದ್ದು ಸಾಲ್ದಾ?"

ನರ್ಸಕ್ಕ ಜಾಡಿಯೊಳಗೆ ಚಮಚ ಇಳಿಸಿದರು. ಅಂಚು ಗಟ್ಟಿಯಾಗಿತ್ತು, ನಡುವೆ ಇನ್ನೂ ಅಂಟಂಟು, ಆದರೆ ಗುಳ್ಳೆ ಒಂದೂ ಇರಲಿಲ್ಲ. "ಬಾಯಿಗೆ ಕಟ್ಟಿದ ಬಟ್ಟೆ ನೋಡೇ," ಎಂದು ಟೈಲರಮ್ಮನಿಗೆ ಕೊಟ್ಟರು.

"ಹತ್ತಿ ಬಟ್ಟೆ. ಹಾಲಿನ ಹಾಗೆ ಬೆಳ್ಳಗಿದೆ."

ನರ್ಸಕ್ಕ ಓವನ್ನಿನ ಕೆಳಗಿನ ಜಾಲರಿಯ ಮೇಲೆ ಬೆರಳಾಡಿಸಿ, ಬೆರಳನ್ನು ಮೂಸಿ, ಎಲ್ಲರನ್ನೂ ಮೇಜಿನ ಸುತ್ತ ಕೂರಿಸಿದರು.

"ಬ್ರೆಡ್ಡಮ್ಮ, ಬ್ರೆಡ್ಡಿಗೆ ಓವನ್ ಎಷ್ಟು ಕಾಯಿಸ್ತೀರಿ?"

"ಕೊನೇ ಗೆರೆವರೆಗೆ."

"ಅಷ್ಟು ಕಾದಿದ್ರೆ ಈ ಬಟ್ಟೆ ಕಂದಾಗ್ತಿತ್ತು, ಹಿಟ್ಟು ನಡುವಿನವರೆಗೂ ಬೇಯ್ತಿತ್ತು. ಕೊಲ್ಲಬೇಕು ಅಂತ ಬಂದವರೂ ಉರಿ ಜೋರಾಗೇ ಇಡ್ತಿದ್ರು. ಇಲ್ಲಿ ಸಣ್ಣ ಕಾವು, ಸ್ವಲ್ಪ ಹೊತ್ತು. ಅಂದ್ರೆ ಹಚ್ಚಿದವರಿಗೆ ಬೇಯಿಸೋದೂ ಬೇಕಿರಲಿಲ್ಲ, ಕೊಲ್ಲೋದೂ ಬೇಕಿರಲಿಲ್ಲ. ಏನನ್ನೋ ಒಣಗಿಸಬೇಕಿತ್ತು."

ಅವರು ಬೆರಳು ತೋರಿಸಿದರು. ತುದಿಯಲ್ಲಿ ಒಣಗಿದ ಕೆಸರಿನ ಪುಡಿ, ಜೊತೆಗೊಂದು ಹುಲ್ಲಿನ ಎಸಳು.

"ಬ್ರೆಡ್ಡು ಸುಡೋರು ಓವನ್ನಿಗೆ ಕೆಸರು ತರಲ್ಲ. ಬೆಳಿಗ್ಗೆ ಕೆಸರಲ್ಲಿ ನೆಂದ ಬೂಟು ಈ ಚಳೀಲಿ ಮಧ್ಯಾಹ್ನದೊಳಗೆ ಹೇಗಪ್ಪ ಒಣಗ್ತು? ಟೈಲರಮ್ಮ, ಆ ದಾರ ಮುಟ್ಟಿ ನೋಡು."

ಟೈಲರಮ್ಮ ಬಗ್ಗಿದಳು. ಬೂಟಿನ ದಾರ ಕಡ್ಡಿಯಂತೆ ಸೆಟೆದಿತ್ತು. ಅಟ್ಟೆಯ ಅಂಟು ಬಿಟ್ಟು ಬಾಯಿ ತೆರೆದಿತ್ತು.

ಮಗನ ಕಿವಿ ಕೆಂಪಾಯಿತು. "ಬೂಟು ಕೆಳಗಿನ ಜಾಲರೀಲಿಟ್ಟೆ, ಜಾಡಿ ಮೇಲಿನದ್ರಲ್ಲಿತ್ತು. ಬೆಚ್ಚಗಿರಲಿ ಅಂತ ತಾನೇ ಇಟ್ಟಿರೋದು, ಇನ್ನೊಂಚೂರು ಬೆಚ್ಚಗಾದ್ರೆ ಏನಾಗುತ್ತೆ ಅಂದ್ಕೊಂಡೆ. ಆಮೇಲೆ ಬೂಟು ತೆಗೆದು ಓವನ್ ಆರಿಸಿಬಿಟ್ಟೆ. ಹೇಳ್ಬೇಕು ಅಂತಲೇ ಇದ್ದೆ. ಅಮ್ಮ ಅಷ್ಟರಲ್ಲಿ..."

"ಅಷ್ಟರಲ್ಲಿ ನಾನು ನಿನ್ನ ಹೆಂಡತೀನ ಬೈದೆ," ಎಂದರು ಬ್ರೆಡ್ಡಮ್ಮ. ಸೊಸೆಯ ಕೈ ಹಿಡಿದರು. "ನನ್ನ ನಾಲಿಗೆಗೆ ಬೆಂಕಿ ಬೀಳ್ಲಿ. ಯಜಮಾನ್ರ ಕೈಯಿಂದು ಇನ್ನು ಬರಲ್ಲ ಕಣೇ. ನೀನೂ ಹೋಗಿಬಿಡ್ಬೇಡ."

ಸೊಸೆ ಕೈ ಬಿಡಿಸಿಕೊಳ್ಳಲಿಲ್ಲ. ಗಂಡನನ್ನೇ ನೋಡಿದಳು. "ಜಾಡಿ ಹಾಳು ಮಾಡಿದ್ದಕ್ಕಲ್ಲ ಕಣ್ರೀ. ಅರ್ಧ ಗಂಟೆ ನಾನು ಅಳ್ತಿದ್ದೆ, ನೀವು ಪಕ್ಕದಲ್ಲೇ ಕೂತಿದ್ರಿ."

ಅವನು ಬಗ್ಗಿ ಬೂಟಿನ ದಾರ ಬಿಚ್ಚತೊಡಗಿದ.

ಅವಳು ಎದ್ದು ತನ್ನ ಏಪ್ರನ್ ಬಿಚ್ಚಿ, ಅವನ ಕೊರಳಿಗೆ ಹಾಕಿ, ಹಿಂದೆ ಬಿಗಿಯಾಗಿ ಗಂಟು ಕಟ್ಟಿದಳು. "ಹೊಸ ಹುಳಿ ಹುಟ್ಟೋಕೆ ಎರಡು ವಾರ ಬೇಕು. ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ ಹಿಟ್ಟು, ನೀರು ನೀವೇ ಹಾಕ್ಬೇಕು. ಪಂದ್ಯ ಇದ್ರೂ ಸರಿ, ಇಲ್ದಿದ್ರೂ ಸರಿ."

ಬ್ರೆಡ್ಡಮ್ಮ ಹಿಟ್ಟಿನ ಡಬ್ಬಿಯನ್ನು ಮಗನ ಮುಂದೆ ತಳ್ಳಿದರು.

"ನೀರು ಎಷ್ಟು ಹಾಕ್ಬೇಕು?" ಎಂದು ಕೇಳಿದ ಅವನು.

ಅಡುಗೆಮನೆಯಲ್ಲಿದ್ದ ಹೆಂಗಸರಲ್ಲಿ ಒಬ್ಬರೂ ಉತ್ತರ ಕೊಡಲಿಲ್ಲ.