ಹಳ್ಳದ ಸೇತುವೆಯ ಕಲ್ಲು

ಮಾರ್ಚ್ ಹದಿನೈದು, ಮಂಗಳವಾರ. ಬೆಳಗ್ಗೆ ಇನ್ನೂ ಏಳಾಗಿರಲಿಲ್ಲ. ವಡಕರೈಪಟ್ಟಿ ಪೊಲೀಸ್ ಠಾಣೆಯ ಮೆಟ್ಟಿಲನ್ನು ಪಟ್ಟಣ ಪಂಚಾಯಿತಿ ಅಧ್ಯಕ್ಷ ರಾಜಮಾಣಿಕ್ಕಂ ಬರಿಗಾಲಲ್ಲೇ ಹತ್ತಿ ಬಂದ. ಉಟ್ಟ ಬಿಳಿ ಪಂಚೆಗೆ ಕೆಸರು ಮೆತ್ತಿತ್ತು.

"ಮೇಡಂ, ಸೇತುವೆಗೆ ಮದ್ದಿಟ್ಟು ಹಾರಿಸಿದಾರೆ."

ಇನ್ಸ್‌ಪೆಕ್ಟರ್ ತಿಲಗವತಿ ಕಾಫಿ ಲೋಟ ಕೆಳಗಿಟ್ಟಳು. "ಯಾವ ಸೇತುವೆ?"

"ಇನ್ಯಾವುದು? ನಾಳೆ ಉದ್ಘಾಟನೆ ಆಗ್ಬೇಕಾಗಿದ್ದು. ಕೇರಿಯಿಂದ ಸುಡುಗಾಡಿಗೆ ಹೋಗೋ ದಾರೀಲಿ ಹಳ್ಳದ ಮೇಲೆ ಕಟ್ಟಿದ್ವಲ್ಲ, ಅದು."

"ಯಾರಿಗಾದ್ರೂ ಪೆಟ್ಟಾಗಿದೆಯಾ?"

"ಕೇರಿಯ ಮುತ್ತುಪೇಚ್ಚಿಗೆ. ದಂಡೇಲಿ ಹುಲ್ಲು ಕೊಯ್ತಿದ್ಲಂತೆ, ಕಲ್ಲು ಸಿಡಿದು ಕಣ್ಣಿಗೆ ಬಡಿದಿದೆ. ಆಸ್ಪತ್ರೇಲಿದಾಳೆ."

"ಅನುಮಾನ?"

"ಅನುಮಾನವಂತೆ ಅನುಮಾನ! ಎಲೆಕ್ಷನ್‌ನಲ್ಲಿ ಸೋತ ಸೆಲ್ಲದುರೈ ಸುಮ್ನೆ ಕೂರ್ತಾನಾ? ಬರ್ಕೊಳ್ಳಿ ಅವನ ಹೆಸರು."

ತಿಲಗವತಿ ದೂರನ್ನು ಬರೆಸಿಕೊಂಡಳು, ಹೆಸರನ್ನು ಬರೆಸಲಿಲ್ಲ. ಸ್ಫೋಟಕ ವಸ್ತುಗಳ ಕಾಯ್ದೆಯಡಿ ಎಫ್‌ಐಆರ್ ದಾಖಲಾಯಿತು. ಹೆಡ್ ಕಾನ್‌ಸ್ಟೆಬಲ್ ಆರೋಕ್ಯಸಾಮಿ ಜೀಪು ಹೊರಡಿಸಿದ.

ಹಳ್ಳದ ಬಳಿ ಆಗಲೇ ಎರಡು ಗುಂಪು ಸೇರಿದ್ದವು. ಈ ದಂಡೆಯಲ್ಲಿ ಕೇರಿಯವರು, ಆ ದಂಡೆಯ ಬಾಳೆತೋಟದ ಅಂಚಿನಲ್ಲಿ ಪೇಟೆಬೀದಿಯವರು.

"ನಮ್ಮ ಹೆಣಕ್ಕೆ ದಾರಿ ಆಗೋದನ್ನ ನೋಡೋಕಾಗಲಿಲ್ಲ ಇವರ ಕೈಲಿ!" ಕೇರಿಯ ಯುವಕನೊಬ್ಬ ಕೂಗಿದ.

"ನಿಮಗೋಸ್ಕರ ಕಟ್ಟಿಸಿದ್ದು ಯಾರಲೇ? ತಿಂದ ಎಲೇಲೇ ಉಗೀತೀರಾ?" ಆಚೆಯಿಂದ ಉತ್ತರ ಬಂತು.

ಒಬ್ಬ ಬಗ್ಗಿ ಕಲ್ಲು ಎತ್ತಿಕೊಂಡ. ತಿಲಗವತಿ ನೇರ ಸೇತುವೆಯ ಮೇಲೆ ನಡೆದು ನಡುಮಧ್ಯೆ ನಿಂತಳು. ಕಾಲಡಿಯ ಹಾಸಿನಲ್ಲಿ ಬಿರುಕು ಬಿಟ್ಟಿದ್ದು ಅವಳಿಗೆ ಕಾಣುತ್ತಿತ್ತು.

"ಮಾಡಿದವನು ಯಾರು ಅಂತ ಸಂಜೆಯೊಳಗೆ ಹೇಳ್ತೀನಿ. ಅಷ್ಟರೊಳಗೆ ಯಾರೇ ಕೈ ಎತ್ತಿದ್ರೂ ಮೊದಲನೇ ಕೇಸು ಅವರ ಮೇಲೆ. ಆ ಕಲ್ಲು ಕೆಳಗೆ ಹಾಕಪ್ಪ."

ಅವನು ಹಾಕಿದ. ಆದರೆ ಯಾರೂ ಮನೆಗೆ ಹೋಗಲಿಲ್ಲ.

ಎರಡೂ ಕಡೆಯಿಂದ ಒಬ್ಬೊಬ್ಬ ಪಂಚರನ್ನು ಕರೆದು ಪಂಚನಾಮೆ ಶುರುಮಾಡಿದರು. ಸೇತುವೆಯ ತಲೆಯಲ್ಲಿ ಕಟ್ಟಿದ್ದ ಕಂಬ ಬುಡಸಮೇತ ಹೋಗಿತ್ತು. ಅದರಲ್ಲಿ ಕೂರಿಸಿದ್ದ ಉದ್ಘಾಟನೆಯ ಕಲ್ಲು ಚೂರುಚೂರಾಗಿ ಹಳ್ಳದಲ್ಲಿ ಬಿದ್ದಿತ್ತು. ಒಂದು ಪಕ್ಕದ ತಡೆಗೋಡೆ ಕುಸಿದಿತ್ತು. ಹಾಸು ಬಿರುಕುಬಿಟ್ಟಿದ್ದರೂ ನಿಂತಿತ್ತು.

ಕಂಬವಿದ್ದ ಜಾಗದ ಪಕ್ಕದಲ್ಲಿ ಹರಿದ ಗೋಣಿಚೀಲಗಳು, ಚೆಲ್ಲಿದ ಮರಳು. ಆರೋಕ್ಯಸಾಮಿ ಕುಕ್ಕರಗಾಲಲ್ಲಿ ಕೂತು ನೋಡಿದ.

"ಕಟ್ಟಡದವರು ಬಿಟ್ಟು ಹೋಗಿದ್ದಾ ಅಣ್ಣಾ?" ತಿಲಗವತಿ ಕೇಳಿದಳು. ಅವನು ವಯಸ್ಸಿನಲ್ಲಿ ಹಿರಿಯ.

"ಇಲ್ಲಮ್ಮಾ. ಕಂಬಕ್ಕೂ ಸೇತುವೆಗೂ ಮಧ್ಯೆ ಅಡ್ಡಲಾಗಿ ಜೋಡಿಸಿದಾರೆ. ಸಿಡಿದದ್ದು ಹಳ್ಳದ ಕಡೆ ಹೋಗ್ಲಿ, ಸೇತುವೆಗೆ ತಾಗದಿರ್ಲಿ ಅಂತ."

ತಿಲಗವತಿ ಗೋಣಿಚೀಲಗಳ ಸಾಲನ್ನು ನೋಡಿದಳು. ಸೇತುವೆ ಬೇಡವಾದವನು ಸೇತುವೆಗೆ ಕಾವಲು ಯಾಕೆ ಇಡುತ್ತಾನೆ? ಅವನ ಸಿಟ್ಟೆಲ್ಲ ಕಲ್ಲಿನ ಮೇಲೆ.

"ಕಲ್ಲಲ್ಲಿ ಏನು ಬರೆದಿತ್ತು?" ಎಂದು ಅವಳು ಪಂಚರನ್ನು ಕೇಳಿದಳು. ಬಟ್ಟೆ ಹೊದಿಸಿತ್ತು, ನಾವು ನೋಡಿಲ್ಲ ಎಂದರು ಇಬ್ಬರೂ. ಆಚೆ ದಂಡೆಯಲ್ಲಿ ನಿಂತಿದ್ದ ರಾಜಮಾಣಿಕ್ಕಂನೇ ಹೇಳಬೇಕಾಯಿತು. "ನಮ್ಮಪ್ಪನ ಹೆಸರು. ಪೆರಿಯಸಾಮಿ ನೆನಪಿನ ಸೇತುವೆ ಅಂತ. ದಾರಿಗೆ ಜಾಗ ನಮ್ಮದಲ್ವಾ?"

ಊರಿನಲ್ಲಿ ಬಾವಿ ತೋಡಿಸುವ ಗುತ್ತಿಗೆದಾರ ಸುಂದರಂ ಒಬ್ಬನಿಗೇ ಮದ್ದಿನ ಲೈಸೆನ್ಸ್ ಇತ್ತು. ಪೊಲೀಸರನ್ನು ಕಂಡು ಅವನು ಬೆವರಿದ.

"ನಿನ್ನ ಹತ್ರ ಮದ್ದು ಸಿಡಿಸೋರು ಯಾರ್ಯಾರಿದಾರೆ?"

"ಇಬ್ಬರೇ ಅಮ್ಮಾ. ಒಬ್ಬ ಹೆಂಡತಿ ಹೆರಿಗೆಗೆ ಅಂತ ಕಂಬಂ ಊರಿಗೆ ಹೋಗಿದಾನೆ. ಇನ್ನೊಬ್ಬ ಕೇರಿಯ ಸಡಯನ್."

"ಸಡಯನ್ ಹೇಗೆ?"

"ಅವನಾ? ಛೆ, ಅವನನ್ನ ಬಿಟ್ಬಿಡಿ. ಆ ಸೇತುವೆ ಬೇಕು ಅಂತ ಪಂಚಾಯಿತಿ ಬಾಗಿಲಲ್ಲಿ ಉಪವಾಸ ಕೂತಿದ್ದೇ ಅವನು!"

ಸರ್ಕಾರಿ ಆಸ್ಪತ್ರೆಗೆ ಹೋಗುವಾಗ ಆರೋಕ್ಯಸಾಮಿ ಆಟೊ ಸ್ಟ್ಯಾಂಡಿನಲ್ಲಿ ವಿಚಾರಿಸಿದ. ಮುತ್ತುಪೇಚ್ಚಿಯನ್ನು ಕರೆತಂದ ಆಟೊದವನು ಸಿಕ್ಕ. ಹೆಂಗಸನ್ನು ಹೆಗಲ ಮೇಲೆ ಹೊತ್ತು ರಸ್ತೆವರೆಗೆ ಓಡಿ ಬಂದವನು ಸಡಯನ್ ಎಂದು ಅವನು ಹೇಳಿದ.

ಮುತ್ತುಪೇಚ್ಚಿಯ ಅರ್ಧ ಮುಖಕ್ಕೆ ಬಟ್ಟೆ ಕಟ್ಟಿತ್ತು. ಎಡಗಣ್ಣು ಉಳಿಯುವುದಿಲ್ಲವೆಂದು ಡಾಕ್ಟರು ಹೊರಗೇ ಹೇಳಿದ್ದರು.

"ಯಾರನ್ನ ನೋಡಿದೆ ಅಕ್ಕಾ?"

"ಯಾರನ್ನೂ ಇಲ್ಲ."

"ಏನು ಕೇಳಿಸ್ತು?"

"ಯಾರೋ ಓಡು, ಓಡು ಅಂತ ಕೂಗಿದ್ರು. ತಿರುಗೋಷ್ಟರಲ್ಲಿ ಸಿಡೀತು."

"ಯಾರ ದನಿ?"

ಅವಳು ಗೋಡೆಯ ಕಡೆಗೆ ತಿರುಗಿಕೊಂಡಳು. "ಕಿವಿಯೂ ಕಿವುಡಾಗಿದೆ ತಾಯಿ. ನನ್ನ ಬಿಟ್ಬಿಡಿ."

ತಿಲಗವತಿ ಒತ್ತಾಯಿಸಲಿಲ್ಲ. ಹೊರಗೆ ಬೇವಿನ ಮರದ ಕೆಳಗೆ, ಐವತ್ತು ದಾಟಿದ ಒಣಕಲು ಮನುಷ್ಯನೊಬ್ಬ ಮೊಣಕಾಲು ತಬ್ಬಿ ಕೂತಿದ್ದ. ಅಂಗಿಯ ಹೆಗಲಿನ ಮೇಲೆ ರಕ್ತ ಒಣಗಿ ಕಪ್ಪಾಗಿತ್ತು. ಬೆಳಗಿನಿಂದ ನೀರೂ ಕುಡಿದಿಲ್ಲವೆಂದು ಆಯಾ ಹೇಳಿದಳು.

"ಸಡಯನ್?"

ಅವನು ಎದ್ದು ನಿಂತ. "ಕಣ್ಣು ಉಳಿಯುತ್ತಂತಾ ಅಮ್ಮಾ?"

"ಇಲ್ಲ."

ಅವನು ಎರಡೂ ಕೈ ಮುಂದೆ ಚಾಚಿದ. "ಹಾಕಿ ಕೋಳ."

ಆರೋಕ್ಯಸಾಮಿ ಕೋಳ ಹಾಕಲಿಲ್ಲ. ತೋಳು ಹಿಡಿದು ಜೀಪು ಹತ್ತಿಸಿದ.

ಠಾಣೆಯಲ್ಲಿ ಸಡಯನ್ ಏನನ್ನೂ ಮುಚ್ಚಿಡಲಿಲ್ಲ. ಬಾವಿ ಕೆಲಸದಲ್ಲಿ ಮಿಕ್ಕ ಮದ್ದು ಅವನ ಬಳಿ ಇತ್ತು. ಹಿಂದಿನ ಸಂಜೆ ಉದ್ಘಾಟನೆಯ ಕಲ್ಲಿಗೆ ಬಟ್ಟೆ ಹೊದಿಸಲು ಅವನನ್ನೇ ಕರೆದಿದ್ದರು.

"ಓದೋಕೆ ಬರಲ್ಲ ನಂಗೆ. ಏನು ಕೆತ್ತಿದಾರೆ ಅಂತ ಮೇಸ್ತ್ರೀನ ಕೇಳ್ದೆ. ಹೇಳ್ದ."

"ಪೆರಿಯಸಾಮಿ ನಿನಗೇನು ಮಾಡಿದ್ದ?"

"ನಮ್ಮವ್ವ ಸತ್ತಾಗ ಹಳ್ಳ ತುಂಬಿ ಹರೀತಿತ್ತು. ಮೇಲ್ಗಡೆ ಅವರ ಬಾಳೆತೋಟದ ಬದುವಿನ ಮೇಲೆ ಹೋದ್ರೆ ದಾಟ್ಬಹುದಿತ್ತು. ಆ ಮನುಷ್ಯ ದೊಣ್ಣೆ ಹಿಡ್ಕೊಂಡು ನಿಂತ. ಕೈ ಮುಗಿದೆ. ಕಾಲಿಗೂ ಬಿದ್ದೆ. ಹೆಣಾನ ವಾಪಸ್ ಹೊತ್ಕೊಂಡ್ ಹೋಗು ಅಂದ. ಹಳ್ಳಕ್ಕೇ ಇಳಿದ್ವಿ. ನೀರು ಎದೆಮಟ್ಟ. ನನ್ನ ಕಾಲು ಜಾರ್ತು. ಹೊತ್ತೋರಲ್ಲಿ ಮೊದಲು ಜಾರಿದ್ದು ನನ್ನ ಹೆಗಲೇ ಅಮ್ಮಾ. ಅವ್ವ ಹಂಗೇ ಕೊಚ್ಕೊಂಡ್ ಹೋದ್ಲು. ಸಿಗ್ಲೇ ಇಲ್ಲ."

"ಅಧ್ಯಕ್ಷರಿಗೆ ಹೇಳಲಿಲ್ವಾ ಇದನ್ನ?"

"ರಾತ್ರೀನೇ ಹೋಗಿ ಹೇಳ್ದೆ. ಹೆಸರೊಂದು ಬೇಡ ಸಾಮಿ ಅಂದೆ. ನಿನಗೆ ಸೇತುವೆ ಬೇಕೋ ಹಳೇ ಕತೆ ಬೇಕೋ ಅಂದ್ರು." ಸಡಯನ್ ತಲೆ ಎತ್ತಿದ. "ನಾವು ಸತ್ತಾಗಲೆಲ್ಲ ಆ ಮನುಷ್ಯನ ಹೆಸರಿನ ಮುಂದೆ ಹಾದು ಹೋಗ್ಬೇಕಾ? ಕಲ್ಲು ಮಾತ್ರ ಹೋಗ್ಲಿ ಅಂತ ಮಾಡಿದ್ದೆ. ಬತ್ತಿ ಹಚ್ಚಿದ ಮೇಲೆ ಕಣ್ಣಿಗೆ ಬಿದ್ಲು ಆ ತಾಯಿ."

ಸಂಜೆ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲು ಹೊರಟಾಗ ಠಾಣೆಯ ಗೇಟಿನಲ್ಲಿ ಎರಡೂ ಗುಂಪು ಕಾದಿದ್ದವು. "ಸುಳ್ಳು ಕೇಸು! ನಮ್ಮ ಸೇತುವೆ ಒಡೆದು ನಮ್ಮವರ ಮೇಲೇ ಕಟ್ತಾರೆ!" ಎಂದು ಕೇರಿಯ ಯುವಕರು ಜೀಪಿಗೆ ಅಡ್ಡ ನಿಂತರು. ಯಾರೋ ಬಾನೆಟ್ಟಿನ ಮೇಲೆ ಗುದ್ದಿದರು. ಪೇಟೆಬೀದಿಯವರೂ ಮುಂದೆ ನುಗ್ಗಿದರು. ತಿಲಗವತಿಯ ಕೈ ಬಾಗಿಲಿನ ಹಿಡಿಯ ಮೇಲಿತ್ತು.

ಒಳಗಿಂದ ಸಡಯನ್ ತಲೆ ಹೊರಗೆ ಹಾಕಿದ. "ದಾರಿ ಬಿಡ್ರಪ್ಪಾ. ಸುಳ್ಳಲ್ಲ. ನಾನೇ ಮಾಡಿದ್ದು." ಆಮೇಲೆ ಯಾಕೆಂದೂ ಹೇಳಿದ, ನಾಲ್ಕೇ ಮಾತಿನಲ್ಲಿ.

ಗದ್ದಲ ನಿಂತಿತು. ಪೇಟೆಬೀದಿಯ ಮುದುಕನೊಬ್ಬ ನೆಲ ನೋಡಿದ. ಅವನಿಗೆ ಆ ದಿನ ನೆನಪಿತ್ತು. "ಜಾಗ ಕೊಟ್ಟಿದ್ದು ನಾವೇ ತಾನೇ?" ಎಂದು ರಾಜಮಾಣಿಕ್ಕಂ ಎಲ್ಲರನ್ನೂ ಕೇಳಿದ. ಜೀಪಿಗೆ ದಾರಿಯಾಯಿತು.

ಮುತ್ತುಪೇಚ್ಚಿ ಮನೆಗೆ ಮರಳಿದ ಮೇಲೆ ತಿಲಗವತಿ ಹೇಳಿಕೆ ಪಡೆಯಲು ಕೇರಿಗೆ ಹೋದಳು. ಈ ಸಲ ಅವಳು ಗೋಡೆಯ ಕಡೆ ತಿರುಗಲಿಲ್ಲ.

"ಸಡಯಣ್ಣನ ದನೀನೇ ಅದು. ಅವನು ಕೂಗದಿದ್ರೆ ನಾನು ಇವತ್ತು ಹೀಗೆ ಕೂತಿರ್ತಿರಲಿಲ್ಲ. ಬರ್ಕೊಳ್ಳಿ."

ಆರೋಕ್ಯಸಾಮಿ ಬರೆದುಕೊಂಡ.

"ಈ ಕಣ್ಣು ತೆಗೆದವನೂ ಅವನೇ," ಎಂದಳು ಮುತ್ತುಪೇಚ್ಚಿ. "ಅದನ್ನೂ ಬರ್ಕೊಳ್ಳಿ."